ಬೆಲ್ವಿಲ್ ಹುಡುಗರ 'ಡಬ್ ಡಬ್' ಸಂಗೀತ



ಕಳೆದ ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ನೋವೈಯಿಂದ ಅಕ್ಕನ ಫೋನು. ಅಕ್ಕ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡಿದಳೆಂದರೆ ಒಂದೋ ಊರಿನಿಂದ ಸುದ್ದಿ ಬಂದಿರಬೇಕು, ಇಲ್ಲವೇ ಮಗನ ಮೇಲೆ ದೂರಿರಬೇಕು. ಈ ಸಲ ಎರಡನೆಯದು.

"ನೋಡೋ, ನಿನ್ನ ಅಳಿಯ ಡೀಜೆ ಆಗ್ತಾನಂತೆ! ಕಾಲೇಜಿಗೆ ಕಂಪ್ಯೂಟರ್ ಸೈನ್ಸ್ ಬೇಡವಂತೆ, ಮ್ಯೂಸಿಕ್ ಪ್ರೊಡಕ್ಷನ್ ಬೇಕಂತೆ. ಮೆಮೋರಿಯಲ್ ಡೇಗೆ ಡೌನ್‌ಟೌನ್‌ನಲ್ಲಿ ಅದೇನೋ ಟೆಕ್ನೋ ಹಬ್ಬಕ್ಕೆ ಹೋಗಬೇಕಂತೆ. ನೀನಾದ್ರೂ ಒಂಚೂರು ಬುದ್ಧಿ ಹೇಳು" ಅಂದಳು.

ಅಳಿಯ ಮಹಾಶಯನಿಗೆ ಹದಿನಾರು ವರ್ಷ, ಹನ್ನೊಂದನೇ ಕ್ಲಾಸು. ಆಗ ನಮ್ಮ ಮನೆಯಲ್ಲಿ ತೀರ್ಥಹಳ್ಳಿಯಿಂದ ಬಂದಿದ್ದ ಅಪ್ಪನೂ ಇದ್ದರು. ಕರ್ನಾಟಕ ಸಂಗೀತವೆಂದರೆ ಊಟ ಬಿಡುವ ಮನುಷ್ಯ. ಸ್ಪೀಕರ್ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡವರು ಒಂದೇ ಪ್ರಶ್ನೆ ಕೇಳಿದರು: "ಅಲ್ಲ ಮಾರಾಯ, ಈ ಡೀಜೆ ಅನ್ನೋನು ಕೂತ್ಕೊಂಡು ಏನು ನುಡಿಸ್ತಾನೆ?"

ಹದಿನಾಲ್ಕು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಆದರೂ ಈ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. "ಗುಂಡಿ ಒತ್ತುತ್ತಾರೆ, ಹಾಡು ಬರುತ್ತೆ" ಎಂದಷ್ಟೇ ನನಗೂ ಗೊತ್ತಿದ್ದದ್ದು. ಗೊತ್ತಿಲ್ಲದ ವಿಷಯದಲ್ಲಿ ಬುದ್ಧಿ ಹೇಳುವುದು ಹೇಗೆ? ಹಾಗಾಗಿ ಒಂದು ತಿಂಗಳು ಓದಿದೆ, ಕೇಳಿದೆ, ಕೊನೆಗೆ ಅಳಿಯನ ಜೊತೆ ಹೋಗಿ ನೋಡಿಯೂ ಬಂದೆ. ನಮ್ಮ ಕೂಟದಲ್ಲಿ ಹದಿಹರೆಯದ ಮಕ್ಕಳಿರುವ ಮನೆ ಎಷ್ಟೊಂದಿವೆ! ಇವತ್ತಲ್ಲ ನಾಳೆ ನಿಮ್ಮ ಮನೆಯಲ್ಲೂ ಈ ಪ್ರಶ್ನೆ ಏಳಬಹುದು. ಅದಕ್ಕೇ ಈ ಬರಹ.

ನಮ್ಮ ಹಿತ್ತಲಿನ ಗಿಡ

ಆನ್ ಆರ್ಬರ್ ಕಡೆಯಿಂದ ಏರ್‌ಪೋರ್ಟಿಗೆ ಹೋಗುವಾಗ ಐ-94ರಲ್ಲಿ 'ಬೆಲ್ವಿಲ್' ಎಂಬ ಬೋರ್ಡು ಬರುತ್ತದಲ್ಲ, ಅದನ್ನು ನೀವೆಲ್ಲ ನೋಡಿಯೇ ಇರುತ್ತೀರಿ. ಊರಿನಿಂದ ಬರುವ ಅಪ್ಪ ಅಮ್ಮಂದಿರನ್ನು ಕರೆತರಲು ಆ ಬೋರ್ಡಿನ ಕೆಳಗೆ ಎಷ್ಟು ಸಲ ಹೋಗಿದ್ದೇವೋ ಲೆಕ್ಕವಿಲ್ಲ. ಜಗತ್ತಿನಾದ್ಯಂತ ಲಕ್ಷಾಂತರ ಜನ ಕುಣಿಯುವ ಟೆಕ್ನೋ ಸಂಗೀತದ ಬೇರು ಆ ಸಣ್ಣ ಊರಿನಲ್ಲಿದೆ ಎಂದರೆ ನಂಬುತ್ತೀರಾ? ನಾನಂತೂ ಇದು ಯೂರೋಪಿನವರ ಸಂಗೀತ ಎಂದುಕೊಂಡಿದ್ದೆ.

ಡೆಟ್ರಾಯಿಟ್‌ನಿಂದ ಸುಮಾರು 30 ಮೈಲಿ ದೂರದ ಈ ಬೆಲ್ವಿಲ್‌ನ ಹೈಸ್ಕೂಲಿನಲ್ಲಿ 1970ರ ದಶಕದ ಕೊನೆಯಲ್ಲಿ ಮೂವರು ಕಪ್ಪು ಹುಡುಗರು ಸ್ನೇಹಿತರಾದರು. ಹುವಾನ್ ಆಟ್ಕಿನ್ಸ್, ಡೆರಿಕ್ ಮೇ, ಕೆವಿನ್ ಸಾಂಡರ್ಸನ್. ಸಂಗೀತ ಪ್ರಪಂಚ ಇವತ್ತು ಇವರನ್ನು 'ಬೆಲ್ವಿಲ್ ತ್ರೀ' ಎಂದು ಕರೆಯುತ್ತದೆ. ಆ ಕಾಲದ ಡೆಟ್ರಾಯಿಟ್ ರೇಡಿಯೋದಲ್ಲಿ 'ಎಲೆಕ್ಟ್ರಿಫೈಯಿಂಗ್ ಮೋಜೊ' ಎಂಬ ಹೆಸರಿನ ಕಾರ್ಯಕ್ರಮದವನೊಬ್ಬನಿದ್ದ. ಜರ್ಮನಿಯ ಡ್ಯುಸೆಲ್ಡಾರ್ಫ್‌ನ ಕ್ರಾಫ್ಟ್‌ವರ್ಕ್ ತಂಡದ ಯಂತ್ರಸಂಗೀತ, ಅದರ ಬೆನ್ನಿಗೇ ಇಲ್ಲಿನ ಕಪ್ಪು ಜನರ ಫಂಕ್ ಸಂಗೀತ, ಹೀಗೆ ಯಾವ ಮಡಿ ಮೈಲಿಗೆಯೂ ಇಲ್ಲದೆ ರಾತ್ರಿಯೆಲ್ಲ ಹಾಕುತ್ತಿದ್ದ. ಈ ಹುಡುಗರು ಅದನ್ನು ಕೇಳುತ್ತಾ ಬೆಳೆದರು.

ಮೂವರಲ್ಲಿ ಹಿರಿಯ ಆಟ್ಕಿನ್ಸ್. ನಮ್ಮ ಆನ್ ಆರ್ಬರ್ ಬಳಿಯ ವಾಷ್ಟೆನಾ ಕಮ್ಯುನಿಟಿ ಕಾಲೇಜಿನಲ್ಲಿ ಅವನಿಗೆ ರಿಕ್ ಡೇವಿಸ್ ಎಂಬ ವಿಯೆಟ್ನಾಂ ಯುದ್ಧದಿಂದ ಮರಳಿದ ಮಾಜಿ ಸೈನಿಕನ ಪರಿಚಯವಾಯಿತು. ಇಬ್ಬರೂ ಸೇರಿ 'ಸೈಬೊಟ್ರಾನ್' ಎಂಬ ತಂಡ ಕಟ್ಟಿ 1981ರಲ್ಲಿ ಮೊದಲ ರೆಕಾರ್ಡು ತಂದರು. 1985ರಲ್ಲಿ ಆಟ್ಕಿನ್ಸ್ 'ಮೆಟ್ರೊಪ್ಲೆಕ್ಸ್' ಎಂಬ ಸ್ವಂತ ಲೇಬಲ್ ಶುರು ಮಾಡಿ, 'ಮಾಡೆಲ್ 500' ಎಂಬ ಹೆಸರಿನಲ್ಲಿ ಹಾಡು ಬಿಟ್ಟ. ದೊಡ್ಡ ಕಂಪನಿಗಳ ಬಾಗಿಲು ಕಾಯಲಿಲ್ಲ. ತಾನೇ ಮಾಡಿದ, ತಾನೇ ಅಚ್ಚು ಹಾಕಿಸಿದ, ತಾನೇ ಮಾರಿದ. ಗೆಳೆಯರಿಬ್ಬರೂ ಅದೇ ದಾರಿ ಹಿಡಿದರು. ಮೇ ಮಾಡಿದ್ದು 'ಟ್ರಾನ್ಸ್‌ಮ್ಯಾಟ್', ಸಾಂಡರ್ಸನ್ ಮಾಡಿದ್ದು ತನ್ನ ಹೆಸರಿನ ಮೊದಲಕ್ಷರಗಳ 'ಕೆಎಂಎಸ್'. ಇವತ್ತಿನ ಭಾಷೆಯಲ್ಲಿ ಹೇಳುವುದಾದರೆ ಮೂರು ಸ್ಟಾರ್ಟಪ್‌ಗಳು!

1988ರಲ್ಲಿ ಇಂಗ್ಲೆಂಡಿನಲ್ಲಿ ಡೆಟ್ರಾಯಿಟ್ ಹುಡುಗರ ಹಾಡುಗಳ ಸಂಕಲನವೊಂದು ಬಂತು. ಅದರ ಹೆಸರಿನಲ್ಲೇ 'ಟೆಕ್ನೋ' ಎಂಬ ಪದವಿತ್ತು. ಸಂಗೀತಕ್ಕೂ ಅದೇ ಹೆಸರು ನಿಂತಿತು. ಅದೇ ವರ್ಷ ಸಾಂಡರ್ಸನ್ ತನ್ನ 'ಇನ್ನರ್ ಸಿಟಿ' ತಂಡದಿಂದ ತಂದ 'ಬಿಗ್ ಫನ್', 'ಗುಡ್ ಲೈಫ್' ಎರಡೂ ಬ್ರಿಟನ್ನಿನ ಮೊದಲ ಹತ್ತರ ಪಟ್ಟಿಗೆ ಹತ್ತಿದವು. ಲಂಡನ್, ಬರ್ಲಿನ್‌ಗಳಲ್ಲಿ ಇವರನ್ನು ಕಾಣಲು ಜನ ಸಾಲು ನಿಂತರು. ಡೆಟ್ರಾಯಿಟ್‌ನಲ್ಲೋ? ಬಹುಪಾಲು ಜನಕ್ಕೆ ಇವರ ಹೆಸರೂ ಗೊತ್ತಿರಲಿಲ್ಲ. ಹಿತ್ತಲ ಗಿಡ ಮದ್ದಲ್ಲ ಎಂಬ ನಮ್ಮ ಗಾದೆ ಎಲ್ಲ ದೇಶಕ್ಕೂ ಸಲ್ಲುತ್ತದೆ ನೋಡಿ. 2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೋ ಸಂಸ್ಕೃತಿಯನ್ನು ತನ್ನ ಅಮೂರ್ತ ಪರಂಪರೆಯ ರಾಷ್ಟ್ರೀಯ ಪಟ್ಟಿಗೆ ಸೇರಿಸಿಕೊಂಡಿತು. ಅದರ ತವರಿನಲ್ಲಿ ಕೂತ ನಾವು ಬೆಲ್ವಿಲ್ ಬೋರ್ಡು ನೋಡಿ "ಇನ್ನೆಂಟು ಮೈಲಿ, ಏರ್‌ಪೋರ್ಟ್ ಬಂತು" ಅಂತೀವಿ.

ಸೋತ ಯಂತ್ರಗಳ ಕಥೆ

ಇಂಜಿನಿಯರ್ ಬುದ್ಧಿಗೆ ತುಂಬಾ ಹಿಡಿಸಿದ ಒಂದು ಸಂಗತಿಯಿದೆ. ಹದಿಹರೆಯದ ಹುಡುಗರ ಕೈಗೆ ಈ ವಾದ್ಯಗಳು ಸಿಕ್ಕಿದ್ದಾದರೂ ಹೇಗೆ?

ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ಟಿಆರ್-808 ಎಂಬ ಡ್ರಮ್ ಯಂತ್ರ ತಂದಿತು. ಮುಂದೆ ಟಿಬಿ-303 ಎಂಬ ಪುಟ್ಟ ಬೆಳ್ಳಿ ಬಣ್ಣದ ಪೆಟ್ಟಿಗೆ ಬಂತು. ಒಬ್ಬನೇ ಕೂತು ಗಿಟಾರ್ ಅಭ್ಯಾಸ ಮಾಡುವವನಿಗೆ ಜೊತೆಯಲ್ಲಿ ಬಾಸ್ ನುಡಿಸಲಿ ಎಂಬುದು ಉದ್ದೇಶ. ಒಂದು ರೀತಿಯಲ್ಲಿ ನಮ್ಮ ಎಲೆಕ್ಟ್ರಾನಿಕ್ ತಂಬೂರಿ ಇದ್ದ ಹಾಗೆ. ಆದರೆ ಅದರಿಂದ ಹೊರಟ ಸ್ವರ ನಿಜವಾದ ಬಾಸ್ ಗಿಟಾರಿನಂತೆ ಇರಲೇ ಇಲ್ಲ. ಯಾರೂ ಕೊಳ್ಳಲಿಲ್ಲ. ಕೆಲವೇ ವರ್ಷಕ್ಕೆ ತಯಾರಿಕೆ ನಿಂತಿತು. ಹಳೇ ಸಾಮಾನಿನ ಅಂಗಡಿಗಳಲ್ಲಿ ಚಿಲ್ಲರೆ ದುಡ್ಡಿಗೆ ಸಿಗತೊಡಗಿತು.

ಷಿಕಾಗೋದ 'ಫ್ಯೂಚರ್' ಎಂಬ ತಂಡದ ಹುಡುಗರು ಅಂಥದ್ದೊಂದನ್ನು ತಂದು, ಅದರ ತಿರುಗುಣಿಗಳನ್ನು ಮಾಡಬಾರದ ರೀತಿಯಲ್ಲೆಲ್ಲ ತಿರುಗಿಸಿ, 1987ರಲ್ಲಿ 'ಆಸಿಡ್ ಟ್ರ್ಯಾಕ್ಸ್' ಎಂಬ ರೆಕಾರ್ಡು ಮಾಡಿದರು. ಅಲ್ಲಿಂದ 'ಆಸಿಡ್ ಹೌಸ್' ಎಂಬ ಪ್ರಕಾರವೇ ಹುಟ್ಟಿತು. ಮಾರುಕಟ್ಟೆಯಲ್ಲಿ ಸೋತ ಉತ್ಪನ್ನ, ಅದನ್ನು ಕಟ್ಟಿದವರು ಕನಸಿನಲ್ಲೂ ನೆನೆಯದ ಕೆಲಸದಲ್ಲಿ ಗೆದ್ದಿತು!

ಇದನ್ನು ಅಪ್ಪನಿಗೆ ಹೇಳುವಾಗ ಇನ್ನೊಂದು ವಿಷಯವನ್ನೂ ಹೇಳಿದೆ. ಷಿಕಾಗೋ ಹುಡುಗರಿಗಿಂತ ಐದು ವರ್ಷ ಮೊದಲೇ, 1982ರಲ್ಲಿ, ಮುಂಬೈಯಲ್ಲಿ ಚರಣ್‌ಜಿತ್ ಸಿಂಗ್ ಎಂಬ ಸಿನಿಮಾ ವಾದ್ಯಗಾರರು ಇದೇ 808, ಇದೇ 303 ಇಟ್ಟುಕೊಂಡು, ಮೇಲೆ ಸಿಂಥಸೈಜರಿನಲ್ಲಿ ಹತ್ತು ರಾಗಗಳನ್ನು ನುಡಿಸಿ ಡಿಸ್ಕೋ ತಾಳಕ್ಕೆ ಕೂಡಿಸಿದ ಎಲ್‌ಪಿ ರೆಕಾರ್ಡು ತಂದಿದ್ದರು. ಆಗ ಅದನ್ನು ಕೇಳಿದವರು ಕಡಿಮೆ. 2010ರಲ್ಲಿ ಅದು ಯೂರೋಪಿನಲ್ಲಿ ಮತ್ತೆ ಬಿಡುಗಡೆಯಾದಾಗ ಎಲ್ಲರೂ ಮೂಗಿನ ಮೇಲೆ ಬೆರಳಿಟ್ಟರು. ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಅವರಿಗೆ ವಿದೇಶದ ವೇದಿಕೆಗಳಿಂದ ಕರೆ ಬಂತು. 2015ರಲ್ಲಿ ತೀರಿಕೊಂಡರು. ಅಪ್ಪ ಆ ರೆಕಾರ್ಡಿನ ಭೈರವವನ್ನು ಪೂರ್ತಿ ಕೇಳಿ, "ಯಂತ್ರ ಆದ್ರೂ ರಾಗ ಬಿಟ್ಟಿಲ್ಲ ಕಣೋ" ಅಂದರು. ಅವರ ಬಾಯಲ್ಲಿ ಅದು ದೊಡ್ಡ ಸರ್ಟಿಫಿಕೇಟು.

ಹಾಗಾದರೆ ಡೀಜೆ ಮಾಡುವುದೇನು?

ಈಗ ಅಪ್ಪನ ಪ್ರಶ್ನೆಗೆ ಬರೋಣ. ಇಲ್ಲಿ ನನ್ನ ಗುರು ಅಳಿಯನೇ. ನೋವೈ ಮನೆಯ ಬೇಸ್‌ಮೆಂಟಿನಲ್ಲಿ ಕೂರಿಸಿ ಪಾಠ ಹೇಳಿದ.

ಎರಡು ಪ್ಲೇಯರ್, ನಡುವೆ ಒಂದು ಮಿಕ್ಸರ್, ಕಿವಿಗೆ ಹೆಡ್‌ಫೋನ್. ಮೊದಲ ಪ್ಲೇಯರಿನ ಹಾಡು ಜನಕ್ಕೆ ಕೇಳುತ್ತಿರುತ್ತದೆ. ಎರಡನೆಯದು ಡೀಜೆಯ ಹೆಡ್‌ಫೋನಿನಲ್ಲಿ ಮಾತ್ರ. ಜನ ಕುಣಿಯುವುದನ್ನು ನಿಲ್ಲಿಸದ ಹಾಗೆ ಒಂದರಿಂದ ಇನ್ನೊಂದಕ್ಕೆ ದಾಟಬೇಕು. ಇಷ್ಟೇ ಕೆಲಸ. ಆದರೆ ಈ 'ಇಷ್ಟೇ' ಇದೆಯಲ್ಲ...

ಒಂದು ಹಾಡು ನಿಮಿಷಕ್ಕೆ 124 ಪೆಟ್ಟಿನದು, ಇನ್ನೊಂದು 128ರದು ಎಂದಿಟ್ಟುಕೊಳ್ಳಿ. ವ್ಯತ್ಯಾಸ ನಾಲ್ಕೇ ಪೆಟ್ಟು. ಆದರೆ ಎರಡನ್ನೂ ಒಟ್ಟಿಗೆ ಬಿಟ್ಟರೆ ಏಳೆಂಟು ಸೆಕೆಂಡಿನಲ್ಲೇ ಒಂದರ ಪೆಟ್ಟು ಇನ್ನೊಂದರ ಎರಡು ಪೆಟ್ಟುಗಳ ನಡುವೆ ಬಿದ್ದು, ಕುದುರೆ ಕುಂಟಿದ ಹಾಗೆ ಕೇಳುತ್ತದೆ. ಅದಕ್ಕೆ ಮೊದಲನೆಯದರ ವೇಗವನ್ನು ಶೇಕಡಾ 3.2ರಷ್ಟು ಏರಿಸಬೇಕು. ಹಳೆಯ ರೆಕಾರ್ಡ್ ಪ್ಲೇಯರುಗಳಲ್ಲಿ, ಡೀಜೆಗಳ ಮೆಚ್ಚಿನ ಟೆಕ್ನಿಕ್ಸ್ ಎಸ್ಎಲ್-1200 ಮಾದರಿಯಲ್ಲಿ, ಇದಕ್ಕೆಂದೇ ಒಂದು ಜಾರುಪಟ್ಟಿ ಇರುತ್ತದೆ. ವೇಗ ಏರಿಸಿದರೆ ಶ್ರುತಿಯೂ ಸುಮಾರು ಅರ್ಧ ಸ್ವರಸ್ಥಾನದಷ್ಟು ಏರುತ್ತದೆ. ಆಗ ಎರಡು ಹಾಡುಗಳ ಶ್ರುತಿ ಹೊಂದುತ್ತದೆಯೋ ಇಲ್ಲವೋ ಎಂಬುದನ್ನೂ ಕಿವಿಯಿಂದಲೇ ನೋಡಬೇಕು.

ಆಮೇಲೆ ಆವರ್ತನ. ಈ ಹಾಡುಗಳು ಸಾಮಾನ್ಯವಾಗಿ 32 ಪೆಟ್ಟಿನ ಕಂತುಗಳಲ್ಲಿ ಕಟ್ಟಿರುತ್ತವೆ. 128ರ ವೇಗದಲ್ಲಿ ಒಂದು ಕಂತು ಸರಿಯಾಗಿ 15 ಸೆಕೆಂಡು. ಹೊಸ ಹಾಡನ್ನು ಕಂತಿನ ಮೊದಲ ಪೆಟ್ಟಿಗೇ ತರಬೇಕು, ನಮ್ಮಲ್ಲಿ ತನಿ ಆವರ್ತನ ಮುಗಿಸಿ ಎಡುಪಿಗೆ ಸರಿಯಾಗಿ ಪಲ್ಲವಿ ಹಿಡಿಯುವಂತೆ. ಜೊತೆಗೆ ಹಳೆಯ ಹಾಡಿನ ಬಾಸ್ ತಗ್ಗಿಸಿ ಹೊಸದರ ಬಾಸ್ ಏರಿಸಬೇಕು. ಎರಡೂ ಬಾಸ್ ಒಟ್ಟಿಗೆ ಗುಮ್ಮಿದರೆ ಎಲ್ಲವೂ ಕೆಸರು.

"ಈಗ ಇದೆಲ್ಲ ಮೆಷೀನೇ ಮಾಡುತ್ತಲ್ಲೋ? ಸಿಂಕ್ ಅಂತ ಬಟನ್ ಇದೆ" ಎಂದೆ, ನನ್ನ ಜಾಣತನ ತೋರಿಸಲು.

"ಹೌದು ಮಾಮ. ಆದ್ರೆ ಮುಂದಿನ ಹಾಡು ಯಾವುದು, ಯಾವಾಗ ಅಂತ ಆ ಬಟನ್ ಹೇಳಲ್ಲ" ಅಂದ.

ಆ ಮಾತು ಕೇಳಿದಾಗ ನನಗೆ ಥಟ್ಟನೆ ನೆನಪಾದದ್ದು ಊರಿನ ಯಕ್ಷಗಾನದ ಭಾಗವತರು. ರಾತ್ರಿಯಿಡೀ ಆಟ. ಮಧ್ಯರಾತ್ರಿ ಎರಡು ಗಂಟೆಗೆ ಜನ ತೂಕಡಿಸುತ್ತಾರೆ. ಭಾಗವತರು ಒಮ್ಮೆ ಸಭೆಯತ್ತ ನೋಡುತ್ತಾರೆ, ಜಾಗಟೆಯ ಪೆಟ್ಟು ಬದಲಾಗುತ್ತದೆ, ಚೆಂಡೆ ಏಳುತ್ತದೆ, ಎಲ್ಲರೂ ಎದ್ದು ಕೂರುತ್ತಾರೆ! ಪದ್ಯಗಳು ಅವರು ಬರೆದದ್ದಲ್ಲ, ಪ್ರಸಂಗ ಎಲ್ಲರಿಗೂ ಗೊತ್ತಿರುವುದೇ. ಆದರೆ ಇಡೀ ರಾತ್ರಿಯ ಕಡಿವಾಣ ಅವರ ಕೈಯಲ್ಲಿ. ಒಳ್ಳೆಯ ಡೀಜೆಯ ಕೆಲಸ ಹೆಚ್ಚುಕಡಿಮೆ ಅದೇ. ಅಪ್ಪನಿಗೆ ಹೀಗೆ ಹೇಳಿದ ಮೇಲೆಯೇ ಅರ್ಥವಾದದ್ದು.

ಗುಂಡಿ ಒತ್ತುವವರೂ ಇದ್ದಾರೆ

ಹಾಗಂತ ಎಲ್ಲವೂ ಕೈಚಳಕವೇ ಎಂದು ಹೇಳಿದರೆ ಸುಳ್ಳಾದೀತು. ವೇದಿಕೆಯ ಮೇಲೆ ನಡೆಯುವುದು ಮೂರು ಬಗೆ.

ಮೊದಲನೆಯದು ಈಗ ಹೇಳಿದ ಡೀಜೆ ಸೆಟ್, ಬೇರೆಯವರ ಹಾಡು, ತನ್ನ ಹಾಡು ಎಲ್ಲ ಸೇರಿಸಿ ಹೆಣೆಯುವುದು.

ಎರಡನೆಯದು 'ಲೈವ್'. ಇಲ್ಲಿ ಡ್ರಮ್ ಯಂತ್ರ, ಸಿಂಥಸೈಜರು, ಲ್ಯಾಪ್‌ಟಾಪ್ ಇಟ್ಟುಕೊಂಡು ಸಂಗೀತವನ್ನು ಅಲ್ಲೇ ಕಟ್ಟುತ್ತಾರೆ. 2001ರಲ್ಲಿ ಬರ್ಲಿನ್ನಿನ ಕಂಪನಿಯೊಂದು ತಂದ 'ಏಬಲ್ಟನ್ ಲೈವ್' ಎಂಬ ಸಾಫ್ಟ್‌ವೇರ್ ಇದನ್ನು ತುಂಬಾ ಸುಲಭ ಮಾಡಿತು. ಡೆಟ್ರಾಯಿಟ್‌ನವರೇ ಆದ ಜೆಫ್ ಮಿಲ್ಸ್ ಎಂಬುವರು ಟಿಆರ್-909 ಡ್ರಮ್ ಯಂತ್ರವನ್ನು ವೇದಿಕೆಯ ಮೇಲೆ ಬೆರಳಿನಿಂದಲೇ ನುಡಿಸುತ್ತಾರೆ. ವಿಡಿಯೋ ಇದ್ದರೆ ನೋಡಿ. ಮೃದಂಗದವರ ಬೆರಳು ನೆನಪಾಗುತ್ತದೆ. ಇವರೇ 2005ರಲ್ಲಿ ಫ್ರಾನ್ಸಿನ ಮೊಂಪೆಲಿಯೆ ನಗರದ ವಾದ್ಯವೃಂದದ ಜೊತೆ ತಮ್ಮ ಟೆಕ್ನೋ ರಚನೆಗಳನ್ನು ಪ್ರಸ್ತುತಪಡಿಸಿದರು.

ಮೂರನೆಯದು ದೊಡ್ಡ ಉತ್ಸವಗಳ ಶೋ. ಮನೆಯಷ್ಟೆತ್ತರದ ಪರದೆ, ಬೆಂಕಿ, ಲೇಸರ್, ಸಾವಿರಾರು ದೀಪ. ಹಾಡಿನ ಇಂಥ ಪೆಟ್ಟಿಗೆ ಇಂಥ ಬೆಂಕಿ ಏಳಬೇಕೆಂದರೆ ಎಲ್ಲವನ್ನೂ ಒಂದೇ ಗಡಿಯಾರಕ್ಕೆ ಕಟ್ಟಿರಬೇಕು. ಅಂದರೆ ಹಾಡುಗಳ ಕ್ರಮ ಮೊದಲೇ ನಿಶ್ಚಯವಾಗಿರುತ್ತದೆ, ಬದಲಿಸುವ ಜಾಗ ಕಡಿಮೆ. ಇದನ್ನು 2012ರಲ್ಲಿ ಬಹಿರಂಗವಾಗಿ ಒಪ್ಪಿಕೊಂಡವರು ಕೆನಡಾದ 'ಡೆಡ್‌ಮೌಸ್', ಇಲಿಯ ಮುಖವಾಡ ಹಾಕುವ ಪ್ರಸಿದ್ಧ ಕಲಾವಿದ. ಇಂಥ ಶೋಗಳಲ್ಲಿ ನಾವೆಲ್ಲ ಮಾಡುವುದು ಗುಂಡಿ ಒತ್ತುವುದೇ, ನಿಜವಾದ ಕೆಲಸ ಸ್ಟುಡಿಯೋದಲ್ಲಿ ಆಗಿರುತ್ತದೆ ಎಂಬ ಅರ್ಥದಲ್ಲಿ ಅವರು ಬರೆದಾಗ ದೊಡ್ಡ ಗಲಾಟೆಯೇ ಆಯಿತು.

ಇಂಥ ದೊಡ್ಡ ಶೋಗಳಿಗೆ ಮೇಲ್ಪಂಕ್ತಿ ಹಾಕಿದವರು ಪ್ಯಾರಿಸ್ಸಿನ 'ಡಾಫ್ಟ್ ಪಂಕ್' ಜೋಡಿ. 2006ರ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಕೋಚೆಲ್ಲಾ ಉತ್ಸವದಲ್ಲಿ ಬೆಳಕಿನ ಪಿರಮಿಡ್ಡಿನೊಳಗೆ ರೋಬೋ ಹೆಲ್ಮೆಟ್ ತೊಟ್ಟು ನಿಂತರು. ತಮ್ಮದೇ ಹಳೆಯ ಹಾಡುಗಳನ್ನು ಒಂದರೊಳಗೊಂದು ನೇಯ್ದು ಹೊಸದೇ ಮಾಡಿದ್ದರು. ಆ 2006-07ರ ಪ್ರವಾಸದ ನಂತರ ಅವರು ಮತ್ತೆ ಪ್ರವಾಸ ಹೊರಡಲಿಲ್ಲ. 2014ರಲ್ಲಿ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಗ್ರ್ಯಾಮಿ ಪಡೆದು, 2021ರ ಫೆಬ್ರವರಿಯಲ್ಲಿ ಬೇರೆಯಾದರು. ಪೂರ್ವಸಿದ್ಧತೆ ಇದ್ದರೂ ಕಲೆ ಕಲೆಯೇ. ಸಿನಿಮಾವೂ ಮೊದಲೇ ತೆಗೆದದ್ದಲ್ಲವೇ?

ಹಾರ್ಟ್ ಪ್ಲಾಜಾದಲ್ಲಿ ಅಪ್ಪ

ಮೇ ತಿಂಗಳು ಬಂತು. ಡೆಟ್ರಾಯಿಟ್ ನದಿಯ ದಡದ ಹಾರ್ಟ್ ಪ್ಲಾಜಾದಲ್ಲಿ ಈ ಹಬ್ಬ ಶುರುವಾದದ್ದು 2000ದ ಮೆಮೋರಿಯಲ್ ಡೇ ವಾರಾಂತ್ಯದಲ್ಲಿ. ಮೊದಲ ವರ್ಷದ ಕಲಾ ನಿರ್ದೇಶಕ ಇಲ್ಲಿನವರೇ ಆದ ಕಾರ್ಲ್ ಕ್ರೇಗ್. 2004ರವರೆಗೆ ಪ್ರವೇಶ ಉಚಿತ, 2005ರಿಂದ ಟಿಕೆಟ್ಟು. ಹಲವು ಕೈ, ಹಲವು ಹೆಸರು ಬದಲಾಗಿ ಈಗ 'ಮೂವ್‌ಮೆಂಟ್' ಎಂದು ನಡೆಯುತ್ತಿದೆ. ಕೋವಿಡ್‌ನಿಂದ 2020, 2021ರಲ್ಲಿ ಮಾತ್ರ ಇರಲಿಲ್ಲ. ಅದೇ ವಾರಾಂತ್ಯ ನಾವೆಲ್ಲ ಪಾರ್ಕಿನಲ್ಲಿ ಬಿಸಿಬೇಳೆಭಾತ್ ಹಂಚಿಕೊಂಡು ವಾಲಿಬಾಲ್ ಆಡುತ್ತಿರುತ್ತೇವೆ!

ಅಳಿಯನ ಜೊತೆ ನಾನು ಹೊರಟಾಗ ಅಪ್ಪ, "ನಾನೂ ಒಂದು ಗಂಟೆ ನೋಡಿ ಬರ್ತೀನಿ" ಅಂದುಬಿಟ್ಟರು. ಮಧ್ಯಾಹ್ನ ಮೂರು ಗಂಟೆ. ಬಿಳಿ ಪಂಚೆ ಬದಲು ಪ್ಯಾಂಟು, ತಲೆಗೆ ನನ್ನ ಆಫೀಸಿನ ಟೋಪಿ. ಮೆಟ್ಟಿಲ ಮೇಲೆ ಕೂತರು. ಆಚೆ ದಡದಲ್ಲಿ ಕೆನಡಾದ ವಿಂಡ್ಸರ್. ಸುತ್ತ ನೀಲಿ ಕೂದಲಿನ ಹುಡುಗಿಯರು, ಮೈತುಂಬ ಹಚ್ಚೆ ಹಾಕಿಸಿಕೊಂಡವರು, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪಂದಿರು, ಅರವತ್ತು ದಾಟಿದ ಕಪ್ಪು ದಂಪತಿ. ಆ ಅಜ್ಜ ಎದ್ದು ಅಪ್ಪನಿಗೆ ನೆರಳಿನ ಜಾಗ ಬಿಟ್ಟುಕೊಟ್ಟರು.

ಸ್ವಲ್ಪ ಹೊತ್ತಿಗೆ ನೋಡುತ್ತೇನೆ, ಅಪ್ಪನ ಕೈ ತೊಡೆಯ ಮೇಲೆ ತಾಳ ಹಾಕುತ್ತಿದೆ! "ಎಂಟಕ್ಷರ ಕಣೋ. ಆದಿತಾಳವೇ. ಆದ್ರೆ ಇವನು ಪ್ರತಿ ಅಕ್ಷರಕ್ಕೂ ಪೆಟ್ಟು ಹಾಕ್ತಾನೆ, ಬಿಟ್ಟು ಹಾಕೋ ಧೈರ್ಯ ಇಲ್ಲ" ಅಂದರು. ಅಷ್ಟರಲ್ಲಿ ಡೀಜೆ ಬಾಸನ್ನು ಪೂರ್ತಿ ತೆಗೆದ. ಪೆಟ್ಟೇ ಇಲ್ಲ, ಬರೀ ತೇಲುವ ಸ್ವರ. ಅಳಿಯ ಬೆರಳು ಮಡಿಸಿ ಎಣಿಸುತ್ತಾ, "ಅಜ್ಜ, ನೋಡಿ... ಈಗ!" ಅಂದ. ಸರಿಯಾಗಿ ಅದೇ ಕ್ಷಣಕ್ಕೆ ಪೆಟ್ಟು ಮರಳಿತು, ಜನವೆಲ್ಲ ಹೋ ಎಂದಿತು. ಅಪ್ಪ ಮೊಮ್ಮಗನ ಕಡೆ ತಿರುಗಿ ಹುಬ್ಬು ಏರಿಸಿದರು. ಹಾಡನ್ನಲ್ಲ, ಹುಡುಗನ ಲೆಕ್ಕವನ್ನು ಮೆಚ್ಚಿದ್ದು.

ಅಪ್ಪನನ್ನು ಮನೆಗೆ ಬಿಟ್ಟು ಮತ್ತೆ ಹೋದ ನಾನು ಒಂದು ದಡ್ಡತನ ಮಾಡಿದೆ. ಅಳಿಯ ಕೊಟ್ಟ ಇಯರ್‌ಪ್ಲಗ್ ಜೇಬಿನಲ್ಲೇ ಉಳಿಯಿತು. ಎರಡು ದಿನ ಕಿವಿಯಲ್ಲಿ ಜೀರುಂಡೆ! ಆಮೇಲೆ ಓದಿದ ಲೆಕ್ಕ ಇದು. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಡೆಯಬಹುದು. ಅಲ್ಲಿಂದ ಪ್ರತಿ 3 ಡೆಸಿಬೆಲ್ ಏರಿದಾಗಲೂ ಸಮಯ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಸಿಗುವುದು ಬರೀ 15 ನಿಮಿಷ. ಇಂಥ ಕಡೆ ಸ್ಪೀಕರಿನ ಹತ್ತಿರ ಆ ಮಟ್ಟ ಸುಲಭವಾಗಿ ದಾಟುತ್ತದೆ. ಮಕ್ಕಳನ್ನು ಕಳಿಸುವ ಅಪ್ಪ ಅಮ್ಮಂದಿರು ಬೇರೇನು ಮರೆತರೂ ಇಯರ್‌ಪ್ಲಗ್ ಮರೆಯಬೇಡಿ. ಕಿವಿ ಒಮ್ಮೆ ಹೋದರೆ ವಾರಂಟಿ ಇಲ್ಲ.

ದುಡ್ಡು, ದಣಿವು

ಅಕ್ಕನ ನಿಜವಾದ ಪ್ರಶ್ನೆ ಇದಲ್ಲ. "ಹೊಟ್ಟೆಗೇನು ಮಾಡ್ತಾನೆ?"

ಪೇಪರಿನಲ್ಲಿ ಬರುವ ಅಂಕಿಗಳು ತಲೆ ತಿರುಗಿಸುತ್ತವೆ. ಫೋರ್ಬ್ಸ್ ಪತ್ರಿಕೆಯ 2014ರ ಅಂದಾಜಿನಂತೆ ಕ್ಯಾಲ್ವಿನ್ ಹ್ಯಾರಿಸ್ ಎಂಬ ಸ್ಕಾಟ್ಲೆಂಡಿನ ಡೀಜೆ ಒಂದೇ ವರ್ಷದಲ್ಲಿ ಗಳಿಸಿದ್ದು 6.6 ಕೋಟಿ ಡಾಲರ್. ಆದರೆ ಅದು ಬೆಟ್ಟದ ತುತ್ತತುದಿ. ಹಾಡನ್ನು ಇಂಟರ್‌ನೆಟ್ಟಿನಲ್ಲಿ ಕೇಳಿಸುವುದರಿಂದ ಬರುವುದು ಚಿಲ್ಲರೆ. ಹೊಟ್ಟೆ ತುಂಬುವುದು ಶೋಗಳಿಂದ. ಆ ಸಂಭಾವನೆಯಲ್ಲೂ ಬುಕಿಂಗ್ ಏಜೆಂಟಿನ ಪಾಲು ಸಾಮಾನ್ಯವಾಗಿ ಶೇಕಡಾ 10ರಿಂದ 15. ಮ್ಯಾನೇಜರ್ ಇದ್ದರೆ ಅವರದು ಬೇರೆ. ಉಳಿದದ್ದರಲ್ಲಿ ಯಂತ್ರ, ಪ್ರಯಾಣ, ತೆರಿಗೆ. ಸಂಬಳದ ದಿನವಿಲ್ಲ, ಕಂಪನಿಯ ಹೆಲ್ತ್ ಇನ್ಶೂರೆನ್ಸ್ ಇಲ್ಲ. ದುಡ್ಡು ಬರುವುದೇ ಶೋಗಳಿಂದ ಆದ್ದರಿಂದ ಶೋಗಳನ್ನು ಬಿಡುವ ಹಾಗಿಲ್ಲ. ಅಪಾಯ ಇರುವುದೂ ಅಲ್ಲೇ.

ಸ್ವೀಡನ್ನಿನ 'ಅವೀಚಿ' ಹೆಸರು ನಿಮ್ಮ ಮಕ್ಕಳಿಗೆ ಗೊತ್ತಿರುತ್ತದೆ. ನಿಜ ಹೆಸರು ಟಿಮ್ ಬರ್ಗ್ಲಿಂಗ್, ಹುಟ್ಟಿದ್ದು 1989ರಲ್ಲಿ ಸ್ಟಾಕ್‌ಹೋಮ್‌ನಲ್ಲಿ. ಮಲಗುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಡು ಕಟ್ಟಲು ಕಲಿತ ಹುಡುಗ. 2011ರಲ್ಲಿ ಬಂದ 'ಲೆವೆಲ್ಸ್', 2013ರಲ್ಲಿ ಬಂದ 'ವೇಕ್ ಮಿ ಅಪ್' ಜಗತ್ತನ್ನೇ ಸುತ್ತಿದವು. ಅವನೂ ಸುತ್ತಿದ, 800ಕ್ಕೂ ಹೆಚ್ಚು ಶೋಗಳು. ಪ್ರತಿ ರಾತ್ರಿ ಬೇರೆ ಊರು. ನಾಚಿಕೆ ಸ್ವಭಾವದ ಹುಡುಗನಿಗೆ ವೇದಿಕೆ ಹತ್ತುವ ಧೈರ್ಯಕ್ಕೆ ಕುಡಿತ ಅಂಟಿತು. 2012ರಲ್ಲಿ ಮೇದೋಜೀರಕ ಗ್ರಂಥಿಯ ಉರಿಯೂತದಿಂದ ಆಸ್ಪತ್ರೆ ಸೇರಿದ. 2014ರಲ್ಲಿ ಪಿತ್ತಕೋಶ, ಅಪೆಂಡಿಕ್ಸ್ ಎರಡನ್ನೂ ತೆಗೆಯಬೇಕಾಯಿತು. 2016ರ ಮಾರ್ಚಿನಲ್ಲಿ ಇನ್ನು ಪ್ರವಾಸ ಸಾಕು ಎಂದು ಪ್ರಕಟಿಸಿ, ಆ ಆಗಸ್ಟಿನಲ್ಲಿ ಇಬಿಜಾ ದ್ವೀಪದಲ್ಲಿ ಕೊನೆಯ ಶೋ ಮಾಡಿದ. 2018ರ ಏಪ್ರಿಲ್ 20ರಂದು ಒಮಾನಿನ ಮಸ್ಕತ್‌ನಲ್ಲಿ ತೀರಿಕೊಂಡ. ವಯಸ್ಸು 28. ಮಗನ ನೆನಪಿನಲ್ಲಿ ತಂದೆ ತಾಯಿ 2019ರಲ್ಲಿ ಒಂದು ಪ್ರತಿಷ್ಠಾನ ಶುರು ಮಾಡಿದರು. ಯುವಜನರ ಮನಸ್ಸಿನ ಆರೋಗ್ಯ, ಆತ್ಮಹತ್ಯೆ ತಡೆ ಅದರ ಕೆಲಸ.

ಇದನ್ನು ಅಕ್ಕನನ್ನು ಹೆದರಿಸಲು ಬರೆಯುತ್ತಿಲ್ಲ. ಅದೇ ವೃತ್ತಿಯಲ್ಲಿ ನಮ್ಮ ಬೆಲ್ವಿಲ್ಲಿನ ಸಾಂಡರ್ಸನ್ ಅರವತ್ತು ದಾಟಿದ್ದಾರೆ. ಇಬ್ಬರು ಗಂಡುಮಕ್ಕಳೂ ಇದೇ ಸಂಗೀತ ಮಾಡುತ್ತಾರೆ. ನೆದರ್ಲೆಂಡ್ಸಿನ ಆರ್ಮಿನ್ ವಾನ್ ಬ್ಯೂರೆನ್ ಲೈಡನ್ ವಿಶ್ವವಿದ್ಯಾಲಯದಲ್ಲಿ ಕಾನೂನು ಓದುತ್ತಲೇ ಡೀಜೆಯಾದವರು. 2001ರಲ್ಲಿ ರೇಡಿಯೋ ಕಾರ್ಯಕ್ರಮ ಆರಂಭಿಸಿ ಹೆಸರು ಮಾಡಿದ ಮೇಲೂ ಓದು ಬಿಡದೆ 2003ರಲ್ಲಿ ಡಿಗ್ರಿ ಮುಗಿಸಿದರು. ಇದನ್ನು ಮಾತ್ರ ಅಕ್ಕನಿಗೆ ಎರಡು ಸಲ ಹೇಳಿದೆ!

ಕೊನೆಗೆ ಏನು ಹೇಳಿದೆ?

ಇಲ್ಲಿ ಸ್ವಂತದ ಮಾತೊಂದನ್ನು ಹೇಳಬೇಕು. ನಾನು ಆರು ವರ್ಷ ಮೃದಂಗ ಕಲಿತವನು. ಎಸ್ಸೆಸ್ಸೆಲ್ಸಿ ವರ್ಷ ಕ್ಲಾಸು ನಿಂತಿತು. ಆಮೇಲೆ ಪಿಯುಸಿ, ಸಿಇಟಿ, ಇಂಜಿನಿಯರಿಂಗ್, ಅಮೆರಿಕಾ. "ಪರೀಕ್ಷೆ ಮುಗೀಲಿ, ಮತ್ತೆ ಶುರು ಮಾಡಿದ್ರಾಯ್ತು" ಎಂದಿದ್ದರು ಅಪ್ಪ. ಆ 'ಮತ್ತೆ' ಬರಲೇ ಇಲ್ಲ. ನನಗೆ ಬೇಸರವಿಲ್ಲ, ಕೆಲಸ ಇಷ್ಟಪಟ್ಟೇ ಮಾಡುತ್ತಿದ್ದೇನೆ. ಆದರೆ ಮೃದಂಗ ಊರಿನ ಅಟ್ಟದ ಮೇಲಿದೆ.

ಹಬ್ಬದ ಮರುವಾರ ಅಕ್ಕನ ಮನೆಯಲ್ಲಿ ಊಟಕ್ಕೆ ಸೇರಿದ್ದೆವು. ನಾನು ಲೆಕ್ಕಾಚಾರವೆಲ್ಲ ಹೇಳಿ ಮುಗಿಸಿದೆ. ಅಕ್ಕ ಅಪ್ಪನ ಮುಖ ನೋಡಿದಳು. ಅಪ್ಪ ಮಜ್ಜಿಗೆ ಅನ್ನ ಕಲಸುತ್ತಾ, "ಓದೋದು ಓದಲಿ. ಆದ್ರೆ ಇದನ್ನ ಬಿಡಿಸಬೇಡ ಕಣೇ. ಇವನ ಮೃದಂಗ ಬಿಡಿಸಿದ್ದು ನಾನೇ" ಅಂದರು. ಇಷ್ಟು ವರ್ಷದಲ್ಲಿ ಆ ವಿಷಯ ಅವರ ಬಾಯಿಂದ ಬಂದದ್ದು ಅದೇ ಮೊದಲು. ಯಾರೂ ಏನೂ ಮಾತಾಡಲಿಲ್ಲ. ಅಕ್ಕ ಇನ್ನೊಂದು ಸೌಟು ಮಜ್ಜಿಗೆ ಬಡಿಸಿದಳು.

ಕೊನೆಗೆ ಆದ ಒಪ್ಪಂದ ಇಷ್ಟು. ಸೌಂಡ್ ಇಂಜಿನಿಯರಿಂಗ್ ಮತ್ತು ಕಂಪ್ಯೂಟರ್ ಎರಡನ್ನೂ ಓದಲು ಬರುವ ಕಾಲೇಜುಗಳಿಗೆ ಅರ್ಜಿ. ವರ್ಷಕ್ಕೆ ನಾಲ್ಕು ಹಾಡನ್ನಾದರೂ ಪೂರ್ತಿ ಮುಗಿಸಬೇಕು. ಅರ್ಧಂಬರ್ಧ ಮಾಡಿದ್ದು ಲೆಕ್ಕಕ್ಕಿಲ್ಲ. ಕುಡಿತ, ನಿದ್ದೆಗೇಡಿನ ವಿಷಯ ಮನೆಯಲ್ಲಿ ಮುಚ್ಚುಮರೆಯಿಲ್ಲದೆ ಮಾತಾಡಬೇಕು. ಮತ್ತೆ ಇಯರ್‌ಪ್ಲಗ್!

ನಿಮ್ಮ ಮನೆಯ ಹುಡುಗ ಹುಡುಗಿಯರೂ ಹೆಡ್‌ಫೋನ್ ಹಾಕಿಕೊಂಡು ಬೇಸ್‌ಮೆಂಟಿನಲ್ಲಿ ಕೂತಿದ್ದರೆ, "ಏನದು ಡಬ್ ಡಬ್, ಸಾಕು ಮಾಡು" ಎನ್ನುವ ಮೊದಲು ಪಕ್ಕದಲ್ಲಿ ಹತ್ತು ನಿಮಿಷ ಕೂತು, "ಮುಂದಿನ ಹಾಡು ಯಾವುದು, ಯಾಕೆ?" ಎಂದು ಕೇಳಿ. ಉತ್ತರ ಬಂದರೆ ಮಗು ಏನನ್ನೋ ಕಲಿಯುತ್ತಿದೆ ಎಂದರ್ಥ. ಬರದಿದ್ದರೆ ಹೋಮ್‌ವರ್ಕ್ ತೆಗೆಸಿ, ಅಡ್ಡಿಯಿಲ್ಲ.

ಅಂದಹಾಗೆ, ಅಪ್ಪ ಊರಿಗೆ ಹೊರಟ ದಿನ ಐ-94ರಲ್ಲಿ ಬೆಲ್ವಿಲ್ ಬೋರ್ಡು ಬಂದಾಗ ಅವರೇ ಬೆರಳು ಮಾಡಿ ತೋರಿಸಿದರು. ಮುಂದಿನ ಸಲ ಬರುವಾಗ ಮೃದಂಗ ತರುತ್ತಾರಂತೆ. ಅಳಿಯ ಅದನ್ನು ರೆಕಾರ್ಡ್ ಮಾಡಿ ಏನೋ ಮಾಡುತ್ತಾನಂತೆ. ನನ್ನ ಬೆರಳು ಏಳುತ್ತದೋ ಇಲ್ಲವೋ, ನೋಡೋಣ.

ಮತ್ತೆ ಪಿಕ್ನಿಕ್ಕಿನಲ್ಲಿ ಸಿಗೋಣ.